ಟೂಲ್ ಅಂದರೆ ಉಪಕರಣವೋ, ಹತ್ಯಾರವೋ, ಆಯುಧವೋ?

ಮನೆಯಲ್ಲಿ ಅಜ್ಜನದೋ ಅಪ್ಪನದೋ ಹಳೇ ಎಚ್‌ಎಂಟಿ ವಾಚ್ ಇದ್ದರೆ ಒಮ್ಮೆ ಹೊರಗೆ ತೆಗೆದು ನೋಡಿ. ಆ ಮೂರಕ್ಷರದಲ್ಲಿ ಕೊನೆಯ 'ಟಿ' ಅಂದರೆ ಟೈಮ್ ಅಲ್ಲ, ಟೂಲ್ಸ್. ಹಿಂದೂಸ್ತಾನ್ ಮೆಷಿನ್ ಟೂಲ್ಸ್. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕಂಪನಿ. ಮೊದಲು ಲೇತ್ ಮಾಡಿತು, ವಾಚಿಗೆ ಕೈ ಹಾಕಿದ್ದು 1961ರಲ್ಲಿ. ಒಂದಿಡೀ ತಲೆಮಾರು 'ಟೂಲ್ಸ್' ಅನ್ನೋ ಪದವನ್ನು ಮುಂಗೈಗೆ ಕಟ್ಟಿಕೊಂಡೇ ಮದುವೆ ಮುಂಜಿಗೆ ಹೋಗಿಬಂತು.

ನಮಗೂ ಈ ಪದ ಇಲ್ಲದೆ ದಿನ ಸಾಗಲ್ಲ. ವರ್ಕ್‌ಶಾಪಿನಲ್ಲಿ ಟೂಲ್ ಬಾಕ್ಸ್, ಲ್ಯಾಬಿನಲ್ಲಿ ಸಾಫ್ಟ್‌ವೇರ್ ಟೂಲ್, ಹಾಸ್ಟೆಲ್‌ನಲ್ಲಿ ಎಐ ಟೂಲ್, ಪ್ರಾಜೆಕ್ಟ್ ರಿಪೋರ್ಟಿನಲ್ಲಿ 'ಟೂಲ್ಸ್ ಯೂಸ್ಡ್' ಅಂತ ಒಂದು ಅಧ್ಯಾಯ. ಕನ್ನಡದಲ್ಲಿ ಬರೆಯುವಾಗ ಇನ್ನೂ ಮುಂದೆ ಹೋಗಿ 'ಟೂಲ್ಸ್‌ಗಳು' ಅಂತೀವಿ. ಇಂಗ್ಲಿಷಿನದೊಂದು ಬಹುವಚನ, ಅದರ ಮೇಲೆ ಕನ್ನಡದ್ದೊಂದು. ಆದರೆ ಟೂಲ್‌ಗೆ ಕನ್ನಡದಲ್ಲಿ ಏನಂತೀರಿ ಅಂತ ಕೇಳಿದರೆ ಒಬ್ಬ ಉಪಕರಣ ಅಂತಾನೆ, ಇನ್ನೊಬ್ಬಳು ಸಾಧನ ಅಂತಾಳೆ, ಹಳ್ಳಿಯಿಂದ ಬಂದವ ಹತ್ಯಾರ ಅಂತಾನೆ, ಹೈಸ್ಕೂಲಿನ ಇತಿಹಾಸ ನೆನಪಿದ್ದವರು ಆಯುಧ ಅಂತಾರೆ. ನಾಲ್ಕೂ ಒಂದೇ ಅಲ್ಲ. ಎಲ್ಲಿ ಯಾವುದನ್ನು ಬಳಸುತ್ತೇವೆ ಅನ್ನೋದರ ಮೇಲೆ ಹೇಳುವ ವಿಷಯವೇ ಬದಲಾಗುತ್ತದೆ. ನಮ್ಮ ಯಾದಗಿರಿ ಜಿಲ್ಲೆಯ ಹುಣಸಗಿಯಲ್ಲಂತೂ ಹನ್ನೆರಡು ಲಕ್ಷ ವರ್ಷದ ಹಿಂದಿನ ಜನ ಹೇಗೆ ಬದುಕಿದರು ಅನ್ನೋ ನಮ್ಮ ಕಲ್ಪನೆಯೇ ಈ ಒಂದು ಪದದ ಮೇಲೆ ನಿಂತಿದೆ. ಅಲ್ಲಿಗೆ ಆಮೇಲೆ ಹೋಗೋಣ.

ಮೊದಲು ಇಂಗ್ಲಿಷಿನ ಪದ. ಹಳೆಯ ಇಂಗ್ಲಿಷಿನಲ್ಲಿ ಇದು 'ಟೋಲ್' (ಹೈವೇಯಲ್ಲಿ ಕಟ್ಟುವ ಟೋಲ್‌ಗೂ ಇದಕ್ಕೂ ಸಂಬಂಧ ಇಲ್ಲ). ಅದರ ಬೇರಿನ ಅರ್ಥ ಸಿದ್ಧಮಾಡು, ತಯಾರಿಸು ಅಂತ. ಹಾಗಾಗಿ ಟೂಲ್ ಅಂದಕೂಡಲೇ ಮೂರು ಸಂಗತಿ ಒಟ್ಟಿಗೆ ಬರುತ್ತವೆ: ಅದನ್ನು ಹಿಡಿಯುವ ಒಂದು ಕೈ, ಮಾಡಬೇಕಾದ ಒಂದು ಕೆಲಸ, ಆ ಕೆಲಸ ನಡೆಯುವ ಬೇರೊಂದು ವಸ್ತು. ದಾರಿಯಲ್ಲಿ ಬಿದ್ದ ಕಲ್ಲು ಬರೀ ಕಲ್ಲು. ಅದರಿಂದ ನೀವು ಬಾದಾಮಿ ಒಡೆದರೆ ಆ ಹೊತ್ತಿಗೆ ಅದು ಟೂಲ್. ಒಡೆಯಲು ಅನುಕೂಲ ಆಗಲಿ ಅಂತ ಅಂಚು ಕೆತ್ತಿಕೊಂಡರೆ ಪೂರಾ ಟೂಲ್. 1960ರಲ್ಲಿ ಜೇನ್ ಗುಡಾಲ್ ತಾಂಜಾನಿಯಾದ ಗೊಂಬೆ ಕಾಡಿನಲ್ಲಿ ಚಿಂಪಾಂಜಿಯೊಂದು ಕಡ್ಡಿಯ ಎಲೆ ಕಿತ್ತು, ಹುತ್ತದೊಳಗೆ ತೂರಿಸಿ ಗೆದ್ದಲು ತಿನ್ನೋದನ್ನ ಕಂಡರು. ಟೂಲ್ ಮಾಡುವವನೇ ಮನುಷ್ಯ ಅಂತ ಬರೆದಿಟ್ಟಿದ್ದ ವಿದ್ವಾಂಸರು ಆಗ 'ಟೂಲ್' ಪದದ ಅರ್ಥವನ್ನೋ 'ಮನುಷ್ಯ' ಪದದ ಅರ್ಥವನ್ನೋ ತಿದ್ದಬೇಕಾಯಿತು.

ಇದರ ಅಕ್ಕಪಕ್ಕದ ಪದಗಳಲ್ಲೇ ನಾವು ವೈವಾದಲ್ಲಿ ಸಿಕ್ಕಿಬೀಳೋದು. ಲೇತನ್ನೇ ತಗೊಳ್ಳಿ. ಲೇತ್ ಒಂದು ಟೂಲ್ ಅಲ್ಲವಾ ಅಂದರೆ, ಅದು ಮೆಷಿನ್ ಟೂಲ್. ಟೂಲ್ ಅಂದರೆ ಟೂಲ್ ಪೋಸ್ಟಿಗೆ ಬಿಗಿದಿರುವ ಆ ಬೆರಳುದ್ದದ ಕಟಿಂಗ್ ಟೂಲ್ ಮಾತ್ರ. ಅದರ ಆಯುಷ್ಯದ ಲೆಕ್ಕವೇ ಟೇಲರ್ ಸಮೀಕರಣ. ಇಡೀ ಲೇತ್ ಸವೆದುಹೋಗುತ್ತದೆ ಅಂತ ಟೇಲರ್ ಹೇಳಿಲ್ಲ. ಕಟಿಂಗ್ ಸ್ಪೀಡ್ ಹೆಚ್ಚಿದಂತೆ ಟೂಲಿನ ಬಾಯಿ ಬೇಗ ಹೋಗುತ್ತದೆ ಅಂತ ಹೇಳಿದ. ನಮ್ಮ ಊರ ಕುಲುಮೆಯಲ್ಲೂ ಇದೇ ಮಾತು ನಡೆಯುತ್ತದೆ. ಕುಡಗೋಲಿಗೆ ಬಾಯಿ ಇರುತ್ತದೆ, ಬಾಯಿ ಮೊಂಡಾಗುತ್ತದೆ, ಮತ್ತೆ ಹದ ಮಾಡಿಸಿಕೊಂಡು ಬರಬೇಕು. ಸಮೀಕರಣ ಬರೆದಿಲ್ಲ, ಅಷ್ಟೇ.

ಇನ್‌ಸ್ಟ್ರುಮೆಂಟ್ ಅಂದರೆ ಸೂಕ್ಷ್ಮ ಕೆಲಸದ್ದು, ಹೆಚ್ಚಾಗಿ ಅಳತೆಯದು. ವರ್ನಿಯರ್, ಮೈಕ್ರೋಮೀಟರ್, ಮಲ್ಟಿಮೀಟರ್. ಒಂದು ಸುಲಭದ ಗುರುತು ಇಟ್ಟುಕೊಳ್ಳಿ: ಟೂಲ್ ವಸ್ತುವನ್ನು ಬದಲಿಸುತ್ತದೆ, ಇನ್‌ಸ್ಟ್ರುಮೆಂಟ್ ವಸ್ತು ಹೇಗಿದೆ ಅಂತ ವರದಿ ಕೊಡುತ್ತದೆ. ಸರ್ಜನ್ ಕೈಯ ಕತ್ತಿ ವಸ್ತುವನ್ನು ಬದಲಿಸಿದರೂ ಇನ್‌ಸ್ಟ್ರುಮೆಂಟೇ. ಅಲ್ಲಿ ನಾಜೂಕುತನ ಗೆಲ್ಲುತ್ತದೆ. ಸಿತಾರೂ ಇನ್‌ಸ್ಟ್ರುಮೆಂಟು, ಬ್ಯಾಂಕಿನ ಚೆಕ್ಕೂ ಕಾನೂನಿನ ಭಾಷೆಯಲ್ಲಿ ಇನ್‌ಸ್ಟ್ರುಮೆಂಟು. ಇಕ್ವಿಪ್‌ಮೆಂಟ್ ಅಂದರೆ ಒಂದು ಕೆಲಸಕ್ಕೆ ಬೇಕಾದ ಎಲ್ಲಾ ಸರಂಜಾಮು ಸೇರಿ. ಇಂಗ್ಲಿಷಿನಲ್ಲಿ ಇದಕ್ಕೆ ಬಹುವಚನ ಇಲ್ಲ, 'ಇಕ್ವಿಪ್‌ಮೆಂಟ್ಸ್' ಅಂತ ರಿಪೋರ್ಟಿನಲ್ಲಿ ಬರೆದರೆ ಗೈಡ್ ಕೆಂಪು ಗೆರೆ ಎಳೆಯೋದು ಖಂಡಿತ. ಅಪರೇಟಸ್ ಪ್ರಯೋಗಕ್ಕೆ ಜೋಡಿಸಿಟ್ಟ ಏರ್ಪಾಡು. ಡಿವೈಸ್ ಒಂದು ನಿರ್ದಿಷ್ಟ ಕೆಲಸಕ್ಕೆ ಬುದ್ಧಿ ಓಡಿಸಿ ಮಾಡಿದ್ದು, ಡಯೋಡಿನಿಂದ ಮೊಬೈಲಿನವರೆಗೆ. ಇಂಪ್ಲಿಮೆಂಟ್ ಹೊಲದ್ದು: ರಂಟೆ, ಕುಂಟೆ, ಕೂರಿಗೆ. ಯುಟೆನ್ಸಿಲ್ ಅಡಿಗೆಮನೆಯದು. ಗ್ಯಾಜೆಟ್ ಅನ್ನೋದು ಹಡಗಿನವರ ಆಡುಮಾತಿನಿಂದ ಬಂದದ್ದು. ಗಂಭೀರ ಬರಹದಲ್ಲಿ ಬೇಡ.

ಮನುಷ್ಯನಿಗೂ ಟೂಲ್ ಅಂತಾರೆ, ಅದು ಬೈಗುಳ. ಇನ್ನೊಬ್ಬರ ಕೈಯಲ್ಲಿ ಬಳಕೆಯಾಗುವವನು ಅಂತ. ಕನ್ನಡದಲ್ಲಿ ಕೈಗೊಂಬೆ, ದಾಳ ಅಂತೀವಿ. ಆದರೆ ಅದಕ್ಕಿಂತ ಮೊನಚಾದದ್ದು ನಮ್ಮಲ್ಲೇ ಇದೆ: ಕೊಡಲಿ ಕಾವು ಕುಲಕ್ಕೆ ಸಾವು. ಮರವನ್ನು ಕಡಿಯೋ ಕೊಡಲಿಗೆ ಹಿಡಿಕೆ ಆಗಿರೋದೂ ಮರವೇ. ಇನ್ನು ಇಂಗ್ಲಿಷಿನವರ ಕೆಟ್ಟ ಕೆಲಸಗಾರ ತನ್ನ ಟೂಲನ್ನು ಬೈತಾನೆ. ನಮ್ಮ ಗಾದೆಯಲ್ಲಿ ಕುಣಿಯಲಾರದವಳು ನೆಲ ಡೊಂಕು ಅಂತಾಳೆ.

ಈಗ ಕನ್ನಡಕ್ಕೆ ಬರೋಣ. 'ಉಪಕರಣ' ಅನ್ನೋ ಪದದೊಳಗೆ 'ಕರಣ' ಇದೆ. ಹೈಸ್ಕೂಲಿನ ವಿಭಕ್ತಿ ಪಾಠ ನೆನಪಿದೆಯಲ್ಲ? ತೃತೀಯಾ ವಿಭಕ್ತಿ, ಪ್ರತ್ಯಯ 'ಇಂದ', ಕಾರಕಾರ್ಥ ಕರಣ. ಕೊಡಲಿಯಿಂದ ಮರ ಕಡಿದನು. ನಮ್ಮ ಕಡೆ ಮಾತಿನಲ್ಲಿ 'ಕೊಡ್ಲೀಲೆ ಕಡದ'. ಅಂದರೆ ಟೂಲ್ ಅನ್ನೋ ಕಲ್ಪನೆಗೆ ಕನ್ನಡ ವ್ಯಾಕರಣ ಒಂದು ಇಡೀ ವಿಭಕ್ತಿಯನ್ನೇ ಕೊಟ್ಟಿದೆ. ಇದನ್ನು ಒಂದು ಪರೀಕ್ಷೆ ಥರ ಬಳಸಿ ನೋಡಿ, ಮಜಾ ಇದೆ. ಪಾನಾದಿಂದ ನಟ್ ಬಿಚ್ಚಿದೆ, ಸುತ್ತಿಗೆಯಿಂದ ಮೊಳೆ ಹೊಡೆದೆ: ಇವು ಟೂಲ್. ಆದರೆ 'ಲೇತಿನಿಂದ ಶಾಫ್ಟ್ ಮಾಡಿದೆ' ಅಂತ ಯಾರೂ ಅನ್ನಲ್ಲ, 'ಲೇತಿನಲ್ಲಿ' ಅಥವಾ 'ಲೇತಿನ ಮೇಲೆ' ಮಾಡಿದೆ ಅಂತೀವಿ. ಮಗ್ಗದಲ್ಲಿ ನೇಯ್ತಾರೆ, ಹಾಯಿಸೋದು ಲಾಳಿಯನ್ನು. ನೇಕಾರ ಶರಣ ದೇವರ ದಾಸಿಮಯ್ಯನ ಮುದನೂರು ನಮ್ಮ ಸುರಪುರ ಸೀಮೆಯದೇ ಆದ್ದರಿಂದ ಈ ಉದಾಹರಣೆ ಕೊಟ್ಟೆ. ಯಂತ್ರ ದೊಡ್ಡದಾದ ಕೂಡಲೇ ಕನ್ನಡಿಗರ ಕಿವಿಗೆ ಅದು ಕೈಯ ವಸ್ತುವಾಗಿ ಉಳಿಯಲ್ಲ, ನಾವು ಹೋಗಿ ನಿಂತು ಕೆಲಸ ಮಾಡುವ ಜಾಗ ಆಗುತ್ತದೆ.

ಸಾಫ್ಟ್‌ವೇರಿಗೂ ಇದನ್ನೇ ಹಚ್ಚಿ. 'ಮ್ಯಾಟ್‌ಲ್ಯಾಬ್‌ನಲ್ಲಿ ಸಿಮ್ಯುಲೇಟ್ ಮಾಡಿದೆ', 'ಎಕ್ಸೆಲ್‌ನಲ್ಲಿ ಗ್ರಾಫ್ ಹಾಕಿದೆ'. ಟೂಲ್ ಅಂತ ರಿಪೋರ್ಟಿನಲ್ಲಿ ಬರೆದರೂ ಬಾಯಲ್ಲಿ ಅದು ಮಗ್ಗದ ಸಾಲಿಗೆ ಸೇರುತ್ತದೆ. ಎಐ ಟೂಲಿಗೆ ಬಂದರೆ ಮಾತು ಇನ್ನೂ ಒಂದು ಹೆಜ್ಜೆ ಆಚೆ ಹೋಗುತ್ತದೆ. 'ಚಾಟ್‌ಜಿಪಿಟಿ ಕಡೆಯಿಂದ ಬರೆಸಿದೆ' ಅಂತೀವಿ. ಬರೆದೆ ಅಲ್ಲ, ಬರೆಸಿದೆ. ಆಳಿನ ಕಡೆಯಿಂದ ಹೊಲ ಹೊಡೆಸಿದ ಹಾಗೆ. ಕೊಡಲಿ ಕಡೆಯಿಂದ ಮರ ಕಡಿಸಿದೆ ಅಂತ ಯಾರಾದರೂ ಅಂತಾರಾ? ರಿಪೋರ್ಟಿನಲ್ಲಿ ಅದನ್ನು 'ಟೂಲ್ಸ್ ಯೂಸ್ಡ್' ಕೆಳಗೆ ಹಾಕುವವನ ಬಾಯಿಂದಲೇ ಕ್ರಿಯಾಪದ ನಿಜ ಹೇಳಿಬಿಡುತ್ತದೆ. ನನಗಂತೂ ಎಐ ಬಗ್ಗೆ ಕೇಳಿದ ಎಷ್ಟೋ ಸೆಮಿನಾರ್‌ಗಳಿಗಿಂತ ಈ 'ಇಸು' ಪ್ರತ್ಯಯ ಹೆಚ್ಚು ಹೇಳುತ್ತದೆ ಅನಿಸುತ್ತದೆ.

ಉಳಿದ ಪದಗಳು. 'ಸಲಕರಣೆ' ಬಳಕೆಯಲ್ಲಿ ಮೆತ್ತನೆಯ ಪದ, ಕೈಯ ವಸ್ತುವಿಗೂ ಒಟ್ಟು ಸರಂಜಾಮಿಗೂ ನಡೆಯುತ್ತದೆ. 'ಸಾಧನ' ಡಿವೈಸಿಗೆ ಚೆನ್ನಾಗಿ ಕೂತಿದೆ. ಆದರೆ 'ಸಾಧನೆ' ಅಂತ ಬರೆದರೆ ಅಚೀವ್‌ಮೆಂಟ್ ಆಗಿಬಿಡುತ್ತದೆ, ಜೋಕೆ. ಮೊಬೈಲನ್ನು ಕನ್ನಡಕ್ಕೆ ಹಾಕಿದರೆ 'ಪರಿಕರ' ಅಂತಲೂ ಬರುತ್ತದೆ, ಮಾತಿನಲ್ಲಿ ಯಾರೂ ಆಡಲ್ಲ. ಸರ್ಕಾರ ಟೂಲ್ ರೂಮನ್ನು 'ಉಪಕರಣಾಗಾರ' ಮಾಡಿದೆ. ಜಿಟಿಟಿಸಿಯ ಬೋರ್ಡು ನೋಡಿ. ಅಚ್ಚಗನ್ನಡದ ಪದ 'ಮುಟ್ಟು'. ಒಕ್ಕಲುತನದ ಮುಟ್ಟು ಅಂತ ಹಿರಿಯರು ಈಗಲೂ ಅಂತಾರೆ. ಕೈ ಮುಟ್ಟುವ ವಸ್ತು, ಎಷ್ಟು ನೇರ! ಅದೇ ಪದಕ್ಕೆ ಹೆಂಗಸರ ತಿಂಗಳ ಮುಟ್ಟಿನ ಅರ್ಥ ಇರೋದರಿಂದ ಅಚ್ಚಿನ ಬರಹ ಅದನ್ನು ಮೆಲ್ಲಗೆ ದೂರ ಇಟ್ಟಿತು. ನಾಚಿಕೆಗೆ ಒಳ್ಳೆಯ ಪದವೊಂದನ್ನು ಕಳಕೊಂಡೆವು.

ಇನ್ನು ಹತ್ಯಾರ. ಗ್ಯಾರೇಜಿನಲ್ಲಿ, ಬಡಿಗರ ಅಂಗಳದಲ್ಲಿ 'ಹತ್ಯಾರ ತಗೊಂಬಾ' ಅಂದರೆ ಉಳಿ, ಬಾಚಿ, ಸುತ್ತಿಗೆ. ಅದೇ ಪದ ಹತ್ತನೇ ತರಗತಿಯಲ್ಲಿ ಓದಿದ ಹಲಗಲಿ ಬೇಡರ ಲಾವಣಿಯಲ್ಲಿ 'ಹತಾರ' ಆಗಿ ಬಂದಾಗ ಕತ್ತಿ, ಬಂದೂಕು. 1857ರಲ್ಲಿ ಕಂಪನಿ ಸರ್ಕಾರ ಜನರ ಆಯುಧ ಕಸಿಯಲು ಹೊರಟಾಗ ಹಲಗಲಿಯವರು ತಿರುಗಿಬಿದ್ದದ್ದು ಆ ಹತಾರಕ್ಕಾಗಿ. ಒಂದೇ ಪದ, ಕೆಲಸದ್ದೂ ಹೌದು ಕಾದಾಟದ್ದೂ ಹೌದು. ಆಡುಮಾತಿನಲ್ಲಿ ಇದರಿಂದ ತೊಂದರೆ ಇಲ್ಲ, ಎದುರಿಗಿರುವವರ ಕೈ ನೋಡಿದರೆ ಗೊತ್ತಾಗುತ್ತದೆ.

'ಆಯುಧ'ದ ಕಥೆ ಬೇರೆ. ಸಂಸ್ಕೃತದಲ್ಲಿ ಅದು ಯುದ್ಧದ ಪದ. ಕನ್ನಡದಲ್ಲಿ ಆಯುಧ ಪೂಜೆ ಬಂತು, ಮಹಾನವಮಿಗೆ ನಮ್ಮ ವರ್ಕ್‌ಶಾಪಿನ ಡ್ರಿಲ್ಲಿಂಗ್ ಮೆಷಿನ್ನಿಗೂ ಕುಂಕುಮ, ಬಸ್ಸಿಗೂ ಬಾಳೆಕಂದು. ಆ ದಿನ ಆಯುಧ ಅಂದರೆ ಅನ್ನ ಕೊಡುವ ವಸ್ತು. ಆದರೆ ಮರುದಿನ ಪೇಪರಿನಲ್ಲಿ 'ಆಯುಧ ವಶ' ಅಂತ ಓದಿದರೆ ಯಾರೂ ಸ್ಕ್ರೂಡ್ರೈವರ್ ಅಂದುಕೊಳ್ಳಲ್ಲ. ಅಂದರೆ ಪೂಜೆಯಲ್ಲಿ ಅಗಲವಾದ ಅರ್ಥ ಉಳಿದ ದಿನಗಳಲ್ಲಿ ಮತ್ತೆ ಕಿರಿದಾಗುತ್ತದೆ. ಈ ಕಿರಿದಾದ ಅರ್ಥವೇ ಹುಣಸಗಿಗೆ ಬಂದು ಕೂತಿರೋದು.

ಹುಣಸಗಿ ನಿಮಗೆ ಗೊತ್ತಿರೋದು ನಾರಾಯಣಪುರ ಡ್ಯಾಮಿನ ಎಡದಂಡೆ ಕಾಲುವೆಯಿಂದ, ಅದರ ಭತ್ತದ ಗದ್ದೆಗಳಿಂದ. ಸುರಪುರ, ತಾಳಿಕೋಟೆ ನಡುವಿನ ಊರು, ಮೊದಲು ಸುರಪುರ ತಾಲ್ಲೂಕಿನಲ್ಲಿತ್ತು, ಈಗ ತಾನೇ ತಾಲ್ಲೂಕು. ಪುರಾತತ್ವ ಓದುವವರಿಗೆ ಇದು ಬೇರೆ ಕಾರಣಕ್ಕೆ ಗೊತ್ತು. ಕೃಷ್ಣಾ, ಭೀಮಾ ನಡುವಿನ ಈ ಸೀಮೆಯಲ್ಲಿ ಹುಣಸಗಿ ಮತ್ತು ಬೈಚಬಾಳ ಅಂತ ಎರಡು ಜೋಡಿ ಕಣಿವೆಗಳಿವೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ದಶಕಗಳ ಕಾಲ ಇಲ್ಲಿ ನಡೆದಾಡಿ, ಅಶ್ಯೂಲಿಯನ್ ಅನ್ನುವ ಹಳೆ ಶಿಲಾಯುಗದ ಕಾಲದ ನೆಲೆಗಳನ್ನು ನೂರರ ಲೆಕ್ಕದಲ್ಲಿ ಗುರುತಿಸಿದರು. ಹುಣಸಗಿ ಹತ್ತಿರದ ಇಸಾಂಪುರದಲ್ಲಿ 1997ರಿಂದ ಉತ್ಖನನ ನಡೆಯಿತು. ಅಲ್ಲಿ ಸಿಕ್ಕ ದನದ ಜಾತಿಯ ಪ್ರಾಣಿಯ ಹಲ್ಲಿನ ಎನಾಮಲನ್ನು ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್ ವಿಧಾನದಲ್ಲಿ ಪರೀಕ್ಷಿಸಿದಾಗ ಬಂದ ಕಾಲ ಸುಮಾರು 12 ಲಕ್ಷ ವರ್ಷ. ಹಲ್ಲು ನೆಲದೊಳಗಿದ್ದಾಗ ಸುತ್ತಲಿನ ವಿಕಿರಣದಿಂದ ಎನಾಮಲ್‌ನಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನುಗಳನ್ನು ಅಳೆದು ವರ್ಷ ಲೆಕ್ಕಹಾಕುವ ವಿಧಾನ ಅದು.

ಇಸಾಂಪುರದಲ್ಲಿ ಇದ್ದದ್ದು ಏನು? ಸುಣ್ಣಕಲ್ಲಿನ ಹಾಸುಬಂಡೆ. ಅದರ ಚಪ್ಪಡಿಗಳು. ಚಪ್ಪಡಿಯಿಂದ ಹಾರಿಸಿದ ಚಕ್ಕೆಗಳು, ಚಕ್ಕೆ ತೆಗೆದ ಮೇಲೆ ಉಳಿದ ತಿರುಳುಗಲ್ಲುಗಳು, ಅರ್ಧಕ್ಕೆ ಬಿಟ್ಟವು, ಮುಗಿಸಿದವು, ಪುಡಿ. ಜೊತೆಗೆ ಬಸಾಲ್ಟ್, ಕ್ವಾರ್ಟ್ಜೈಟ್, ಚರ್ಟ್ ಕಲ್ಲಿನ ಗುಂಡುಗಳು, ಇವು ಸುತ್ತಿಗೆಗಳು. ಸುಣ್ಣಕಲ್ಲನ್ನು ಸುಣ್ಣಕಲ್ಲಿನಿಂದಲೇ ಬಡಿಯದೆ ಬೇರೆ ಗಟ್ಟಿ ಕಲ್ಲುಗಳನ್ನು ಆರಿಸಿ ತಂದಿದ್ದಾರೆ. ವರ್ಕ್‌ಪೀಸಿಗಿಂತ ಟೂಲ್ ಗಟ್ಟಿ ಇರಬೇಕು ಅಂತ ನಾವು ಮೊದಲ ವರ್ಷ ಬಾಯಿಪಾಠ ಮಾಡುತ್ತೇವಲ್ಲ, ಅದೇ. ಇನ್ನೂ ಒಂದು ಅಚ್ಚುಕಟ್ಟು ನೋಡಿ. ಕೈಗೊಡಲಿ ಮಾಡಲು ತಕ್ಕ ದಪ್ಪದ ಚಪ್ಪಡಿಯನ್ನೇ ಹೆಚ್ಚಾಗಿ ಆರಿಸಿ ಎರಡೂ ಕಡೆ ಕೆತ್ತಿದ್ದಾರೆ. ಕ್ಲೀವರ್ ಅಂತ ಇನ್ನೊಂದು ಇದೆ, ಮಟನ್ ಅಂಗಡಿಯ ಕತ್ತಿಯ ಹಾಗೆ ಅಗಲ ಬಾಯಿಯದು. ಅದಕ್ಕೆ ಮೊದಲು ದೊಡ್ಡ ಚಪ್ಪಡಿಯಿಂದ ದೊಡ್ಡ ಚಕ್ಕೆ ಹಾರಿಸಿ, ಆ ಚಕ್ಕೆಯನ್ನು ತಿದ್ದಿದ್ದಾರೆ. ಅಂದರೆ ಎರಡು ಪ್ರಾಡಕ್ಟ್, ಎರಡು ಬೇರೆ ಪ್ರೊಸೆಸ್, ಎರಡಕ್ಕೂ ಬೇರೆ ಬೇರೆ ಅಳತೆಯ ಕಚ್ಚಾಮಾಲಿನ ಆಯ್ಕೆ. ನಮ್ಮ ಮ್ಯಾನುಫ್ಯಾಕ್ಚರಿಂಗ್ ಪೇಪರಿನ ಐದು ಮಾರ್ಕಿನ ಪ್ರಶ್ನೆಗೆ ಸರಿಯಾಗುವಷ್ಟು ಸಾಮಗ್ರಿ ಇದು. ಆ ಸುತ್ತಿಗೆ ಗುಂಡುಗಳಿಗೆ ಮೆಷಿನ್ ಟೂಲ್ ಅಂತ ಹೆಸರಿಡೋದು ಉತ್ಪ್ರೇಕ್ಷೆ. ಆದರೆ ಟೂಲ್ ಮಾಡುವ ಟೂಲ್ ಅನ್ನೋ ಮಾತಂತೂ ಅವುಗಳಿಗೆ ಪೂರಾ ಸಲ್ಲುತ್ತದೆ.

ಇದೆಲ್ಲ ಒಟ್ಟಿಗೆ ನೋಡಿದರೆ ಕಣ್ಣಿಗೆ ಬರೋದು ಕಲ್ಲುಗಣಿ ಮತ್ತು ಒಂದು ವರ್ಕ್‌ಶಾಪ್. ಈಗ ಇದನ್ನೇ ಕನ್ನಡದಲ್ಲಿ ಹೇಗೆ ಬರೆಯುತ್ತೇವೆ? 'ಶಿಲಾಯುಧಗಳು ದೊರೆತಿವೆ.' ಶಿಲಾಯುಗ, ಶಿಲಾಯುಧ, ನಡುವೆ ಒಂದೇ ಅಕ್ಷರದ ಫರಕು, ನಾಲಗೆಗೂ ಸಲೀಸು. ಆದರೆ ಆ ಒಂದಕ್ಷರ ವರ್ಕ್‌ಶಾಪನ್ನು ರಣರಂಗ ಮಾಡುತ್ತದೆ. ಶಾಲೆಯ ಹುಡುಗರಿಗೆ ಶಿಲಾಯುಧ ಹಿಡಿದ ಮನುಷ್ಯನ ಚಿತ್ರ ಬಿಡಿಸಿ ಅನ್ನಿ. ಕೈ ಎತ್ತಿ, ಹಲ್ಲು ಕಚ್ಚಿ ಯಾರನ್ನೋ ಹೊಡೆಯಲು ಹೊರಟವನನ್ನು ಬಿಡಿಸುತ್ತಾರೆ. ಕೂತು ತೊಗಲು ಕೆರೆಯುತ್ತಿರುವವಳನ್ನು, ಗೆಡ್ಡೆ ಅಗೆಯುತ್ತಿರುವವಳನ್ನು ಯಾರೂ ಬಿಡಿಸಲ್ಲ. ಆ ಚಿತ್ರದಲ್ಲಿ ಹೆಂಗಸರು ಇರೋದೇ ಇಲ್ಲ, ಗಮನಿಸಿದ್ದೀರಾ? ಕೈಗೊಡಲಿಗೆ ಕಾವು ಇಲ್ಲ. ಅದನ್ನು ಅಂಗೈಯಲ್ಲೇ ಹಿಡಿಯಬೇಕು. ಮಾಂಸ ಬಿಡಿಸಲು, ಕಟ್ಟಿಗೆ ಸೀಳಲು, ನೆಲ ಕೆದಕಲು ಒಳ್ಳೆಯದೇ. ಎದುರಿಗೆ ಬರುವ ಪ್ರಾಣಿಯ ಮುಂದೆ ಅಷ್ಟು ಹತ್ತಿರ ಹೋಗಿ ಅದನ್ನು ಬೀಸಲು ಗಟ್ಟಿ ಗುಂಡಿಗೆ ಬೇಕು! ಬೇಟೆಗೆ ಬಳಸಲೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಎಲ್ಲ ಆಯುಧವೂ ಟೂಲೇ. ಎಲ್ಲ ಟೂಲೂ ಆಯುಧ ಅಲ್ಲ. ಕೆತ್ತಿದ ಕಲ್ಲು ಅಂತ ಗೊತ್ತಾದ ಮಾತ್ರಕ್ಕೆ ಅದನ್ನು ಯಾಕೆ ಬಳಸಿದರು ಅಂತ ಪದವೇ ತೀರ್ಪು ಕೊಟ್ಟುಬಿಡಬಾರದು.

ಇಂಗ್ಲಿಷ್ ಇದನ್ನು ಮೊದಲಿನಿಂದಲೇ ಸರಿಯಾಗಿ ಹೇಳಿತ್ತು ಅಂದುಕೊಳ್ಳಬೇಡಿ. 1797ರಲ್ಲಿ ಇಂಗ್ಲೆಂಡಿನ ಹಾಕ್ಸ್‌ನ್ ಎಂಬಲ್ಲಿ ಇಂಥದ್ದೇ ಕೈಗೊಡಲಿಗಳು ಸಿಕ್ಕಾಗ ಜಾನ್ ಫ್ರೇರ್ ಅವನ್ನು ಯುದ್ಧದ ಆಯುಧಗಳು ಅಂತಲೇ ಬರೆದ. 1863ರಲ್ಲಿ ಮದರಾಸಿನ ಹತ್ತಿರದ ಪಲ್ಲಾವರಂನಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್‌ಗೆ ಕೈಗೊಡಲಿ ಸಿಕ್ಕಿತು. ಭಾರತದ ಇತಿಹಾಸಪೂರ್ವ ಅಧ್ಯಯನ ಶುರುವಾದದ್ದೇ ಅಲ್ಲಿಂದ ಅಂತಾರೆ. ಆತ ಬರೆದದ್ದು 'ಇಂಪ್ಲಿಮೆಂಟ್ಸ್' ಅಂತ. ಮುಂದೆ ಅದು 'ಟೂಲ್ಸ್' ಆಯಿತು. ವೆಪನ್, ಇಂಪ್ಲಿಮೆಂಟ್, ಟೂಲ್: ಆ ಜನರ ಬಗ್ಗೆ ತಿಳಿವಳಿಕೆ ಬೆಳೆದಂತೆ ಪದವೂ ಸರಿಯಿತು. ನಾವು ಮೊದಲನೇ ಮೆಟ್ಟಿಲಿನಲ್ಲೇ ನಿಂತಿದ್ದೇವೆ. 'ಆಯುಧ ಪೂಜೆಯ ಅರ್ಥದಲ್ಲಿ ಬಳಸಿದ್ದು' ಅಂತ ವಾದಿಸುವವರು ಸಿಗುತ್ತಾರೆ, ಅವರ ಮಾತು ಪೂರ್ತಿ ತಪ್ಪಲ್ಲ. ಆದರೆ ಓದುವವನ ತಲೆಯಲ್ಲಿ ಆ ಅರ್ಥ ಏಳಬೇಕಲ್ಲ? 'ಕಲ್ಲಿನ ಸಲಕರಣೆ' ಅನ್ನಬಹುದು, 'ಕಲ್ಲಿನ ಉಪಕರಣ' ಅನ್ನಬಹುದು, ಕೆಲವು ಲೇಖಕರು ಈಗಾಗಲೇ ಹಾಗೆ ಬರೆಯುತ್ತಾರೆ. ನನ್ನ ಓಟು 'ಕಲ್ಲಿನ ಹತ್ಯಾರ'ಕ್ಕೆ. ಹುಣಸಗಿಯ ಬಾಯಿಗೆ ಅದು ಹತ್ತಿರ, ಕೆಲಸದ ಅರ್ಥವೂ ಅಲ್ಲಿ ಇನ್ನೂ ಜೀವಂತ ಇದೆ. 'ಕಲ್ಮುಟ್ಟು' ಇನ್ನೂ ಚಂದ, ಆದರೆ ಪರೀಕ್ಷೆಯಲ್ಲಿ ಬರೆದರೆ ಮಾರ್ಕು ಬರುತ್ತದೆ ಅಂತ ಭರವಸೆ ಕೊಡಲಾರೆ.

ಪದದ ಪರಿಣಾಮ ಹೊಲದಲ್ಲೂ ಕಾಣುತ್ತದೆ. ಕಾಲುವೆ ನೀರು ಬರುವ ಕಡೆ ಹೊಲ ಸಮ ಮಾಡುವಾಗ ಏಳುವ ಕಲ್ಲನ್ನು 'ಕಲ್ಲು' ಅಂದರೆ ಬದುವಿಗೆ ಎಸೆಯುತ್ತಾರೆ. 'ಆಯುಧ' ಅಂದರೆ ಟೂರಿಗೆ ಹೋದ ನಮ್ಮಂಥವರು ಶೋಕೇಸಿಗೆ ಅಂತ ಬ್ಯಾಗಿಗೆ ಹಾಕಿಕೊಳ್ಳುತ್ತೇವೆ. 'ಹತ್ಯಾರ' ಅಂದರೆ ಮಾತ್ರ ಮುಂದಿನ ಪ್ರಶ್ನೆ ಹುಟ್ಟುತ್ತದೆ: ಇದರಿಂದ ಏನು ಮಾಡುತ್ತಿದ್ದರು, ಪಕ್ಕದಲ್ಲಿ ಇನ್ನೇನು ಬಿದ್ದಿದೆ? ಪಕ್ಕದಲ್ಲಿ ಚಕ್ಕೆಗಳ ರಾಶಿ ಇದ್ದರೆ ಅಲ್ಲೇ ಕೂತು ಮಾಡಿದ್ದಾರೆ. ಎಲುಬು ಇದ್ದರೆ ಪ್ರಾಣಿ ಕೊಯ್ದಿರಬಹುದು. ಏನೂ ಇಲ್ಲದೆ ಒಂದೇ ಒಂದು ಇದ್ದರೆ ಯಾರೋ ಒಯ್ದು ಅಲ್ಲಿ ಬಿಟ್ಟಿರಬಹುದು, ಇಲ್ಲಾ ನೀರು ತಳ್ಳಿ ತಂದಿರಬಹುದು. ಕಲ್ಲು ಎತ್ತಿದ ಕ್ಷಣ ಈ ಮೂರೂ ಉತ್ತರ ಕಳೆದುಹೋಗುತ್ತವೆ, ಕೈಯಲ್ಲಿ ಉಳಿಯೋದು ಚೂಪಾದ ಒಂದು ಸುಣ್ಣಕಲ್ಲು.

ಇಸಾಂಪುರದ ಕಡೆ ಹೋಗುವ ಪ್ಲಾನ್ ಇದ್ದರೆ ಬೇಸಿಗೆ ಶುರುವಾಗುವ ಮುಂಚೆ ಹೋಗಿ, ಬಿಸಿಲು ನಿಮಗೆ ಗೊತ್ತೇ ಇದೆ. ಅಂಚು ಕೆತ್ತಿದ ಹಾಗಿರುವ ಕಲ್ಲು ಕಂಡರೆ ಪಕ್ಕದಲ್ಲಿ ಅಳತೆಗೆ ಒಂದು ಪೆನ್ ಇಟ್ಟು ಫೋಟೋ ತೆಗೆಯಿರಿ, ಲೊಕೇಶನ್ ಆನ್ ಇರಲಿ. ಆಮೇಲೆ ಪೆನ್ ಮಾತ್ರ ಎತ್ತಿಕೊಂಡು ಬನ್ನಿ.